ಅಪ್ಪನ ಬಂದೂಕಿಗೆ ಗುರಿಪಟ್ಟಿ

ಅಮರಪ್ಪ ಹಾರಿಸಿದ ಗುಂಡು ಹಂದಿಗೆ ತಗಲಲಿಲ್ಲ, ಕೊಟ್ರಪ್ಪನ ಅಂಗಿಗೆ ತಗಲಿತು. ತೊಂದರೆ ಶುರುವಾದದ್ದು ಅಲ್ಲಿಂದ.

ಅಂಗಿಯೊಳಗೆ ಕೊಟ್ರಪ್ಪ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಪಕ್ಕದ ಮನೆಯ ಕೊಟ್ರಪ್ಪ ತೊಟ್ಟು ಹಳತು ಮಾಡಿದ ನೀಲಿ ಅಂಗಿಯನ್ನು ಅಮರಪ್ಪ ಕೇಳಿ ತಂದು ತನ್ನ ಶೇಂಗಾ ಹೊಲದ ಬೆದರುಗೊಂಬೆಗೆ ತೊಡಿಸಿದ್ದ. ಬೆಳಗು ಹರಿಯುವ ಹೊತ್ತಿಗೆ ಕಾಡುಹಂದಿಯೊಂದು ಸಾಲಿನ ನಡುವೆ ನಿಂತು, ಮದುವೆ ಊಟಕ್ಕೆ ಕೂತ ಬೀಗರ ಹಾಗೆ ಸಾವಕಾಶವಾಗಿ ಶೇಂಗಾ ಕೆದರಿ ತಿನ್ನುತ್ತಿತ್ತು. ಅದನ್ನು ಹೊಡೆಯಲು ಅಮರಪ್ಪನಿಗೆ ಅರಣ್ಯ ಇಲಾಖೆಯ ಅಪ್ಪಣೆ ಇತ್ತು. ಅಪ್ಪಣೆಯಿಂದ ಹಂದಿಗೇನೂ ಅಪಾಯವಿಲ್ಲ ಎಂದು ಕೊಟ್ಟವರಿಗೂ ಗೊತ್ತಿದ್ದಿರಬೇಕು. ಅವನು ಬಂದೂಕು ಎತ್ತಿ, ಉಸಿರು ಬಿಗಿಹಿಡಿದು ಕುದುರೆ ಎಳೆದ. ಹಂದಿ ತಲೆ ಎತ್ತಿ ಇವನನ್ನೊಮ್ಮೆ ನೋಡಿ ಪಕ್ಕದ ಸಾಲಿಗೆ ಹೋಯಿತು. ಬೆದರುಗೊಂಬೆ ಎದೆಗೆ ಚರೆ ತಿಂದು ಒಂದು ಕಡೆಗೆ ವಾಲಿತು.

ಬಸರಿಗಟ್ಟಿ ಸಣ್ಣ ಊರು. ಅಮರಪ್ಪ ಹೊಲದಿಂದ ಮನೆಗೆ ಬರುವುದರೊಳಗೆ ಸುದ್ದಿ ಚಹಾದಂಗಡಿ ಮುಟ್ಟಿ ಅಲ್ಲಿಂದ ವಾಪಸಾಗಿತ್ತು.

"ಏನೋ ಅಮರಪ್ಪ, ನಾ ನಿನಗೇನ ಅನ್ಯಾಯ ಮಾಡಿದ್ನೋ?" ಕೊಟ್ರಪ್ಪ ತನ್ನ ಕಟ್ಟೆಯ ಮೇಲಿಂದಲೇ ಕೇಳಿದ. "ಅಂಗಿ ಕೊಟ್ಟಾವನ ಎದಿಗೇ ಹೊಡದಿ ಅಂತಲ್ಲ."

"ಕಾಕಾ, ಹಂದಿಗೆ ಗುರಿ ಇಟ್ಟಿದ್ದೆ."

"ನಿಮ್ಮಪ್ಪ ಬಂದೂಕ ಎತ್ತಿದ್ರ ಹಂದಿ ತಾನ ಮಲಗ್ತಿತ್ತು. ನೀ ಎತ್ತಿದ್ರ ನಾವು ಮಲಗಬೇಕು."

ಇದು ಸುಳ್ಳಲ್ಲ ಎಂಬುದೇ ಅಮರಪ್ಪನಿಗೆ ನೋವಿನ ಸಂಗತಿ. ಅವನ ಅಪ್ಪ ಹುಚ್ಚೀರಪ್ಪ ಗುರಿ ತಪ್ಪಿದ್ದನ್ನು ಊರಿನಲ್ಲಿ ಕಂಡವರಿರಲಿಲ್ಲ. ಬಂದೂಕನ್ನು ಅವರು ಮಗನ ಕೈಗೂ ಕೊಡುತ್ತಿರಲಿಲ್ಲ. ಬಟ್ಟೆಯ ಗವಸಣಿಗೆ ಹಾಕಿಯೇ ಅಟ್ಟದ ಮೇಲಿಡುತ್ತಿದ್ದರು, ಗವಸಣಿಗೆ ಹಾಕಿಯೇ ಹೊಲಕ್ಕೆ ಒಯ್ಯುತ್ತಿದ್ದರು. "ಮದುವಿ ಆಗಲಿ, ಕೊಡ್ತೀನಿ" ಅಂದರು. ಮದುವೆ ಆದ ಮೇಲೆ "ಮಕ್ಕಳಾಗಲಿ" ಅಂದರು. ಹಿಂದಿನ ಚುನಾವಣೆಗೆ ಎಲ್ಲರ ಹಾಗೆ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದವರು, ಅದನ್ನು ಬಿಡಿಸಿಕೊಳ್ಳುವ ಮೊದಲೇ ತೀರಿಕೊಂಡರು. ಲೈಸೆನ್ಸು ಅಮರಪ್ಪನ ಹೆಸರಿಗೆ ಆಗುವವರೆಗೆ ವರ್ಷದ ಮೇಲಾಯಿತು. ಅಲ್ಲಿಯವರೆಗೂ ಬಂದೂಕು ಠಾಣೆಯಲ್ಲೇ ಇತ್ತು. ಕೊನೆಗೂ ಕೈಗೆ ಬಂದಾಗ ಅಮರಪ್ಪನಿಗೆ ಅದನ್ನು ಹಿಡಿಯುವುದು ಹೇಗೆ ಅನ್ನುವುದಷ್ಟೇ ಗೊತ್ತಿತ್ತು. ಗುರಿ ಹೇಗೆ ಇಡುತ್ತೀರಿ ಎಂದು ಅಪ್ಪನನ್ನು ಒಂದು ದಿನವೂ ಕೇಳಿರಲಿಲ್ಲ. ಆ ಕೊರಗು ಪ್ರತಿ ಗುಂಡಿನ ಸಂಗಡ ಹಾರಿ ಹೋಗಿ ಮತ್ತೆ ಬಂದು ಎದೆಗೆ ತಗಲುತ್ತಿತ್ತು.

"ತಪ್ಪು ನಿಂದಲ್ಲ ಅಣ್ಣ, ಬಂದೂಕಿಂದು." ಹೀಗೆ ಹೇಳಿದವನು ಎದುರುಮನೆಯ ಪ್ರಭುರಾಜ. ಕುಷ್ಟಗಿಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ, ವಾರದ ರಜೆಯ ದಿನ ಊರಿನ ಕೆಲಸ. "ನೋಡಿಲ್ಲಿ, ನಳಿಗಿ ತುದಿಗೆ ಒಂದ ಮಣಿ ಐತಿ. ಹಿಂದ ಏನೂ ಇಲ್ಲ. ಒಂದ ಕಂಬಕ್ಕ ತಂತಿ ಕಟ್ಟಿದ್ರ ನಿಂದರತೈತೇನು? ಹಿಂದೂ ಒಂದ ಪಟ್ಟಿ ಬೇಕು, ನಡುವ ಕಚ್ಚು ಇರಬೇಕು. ಕಚ್ಚಿನ್ಯಾಗ ಮಣಿ, ಮಣಿ ಮ್ಯಾಲ ಹಂದಿ. ಮುಗೀತು."

ಅವನು ಮೊಬೈಲು ತೆರೆದು ತೋರಿಸಿದ. ಯಾವುದೋ ದೇಶದ ಗಡ್ಡದವನೊಬ್ಬ ಮೇಜಿನ ಮೇಲೆ ನಳಿಗೆ ಇಟ್ಟುಕೊಂಡು ಅಂಥದೇ ಗುರಿಪಟ್ಟಿ ಕೂರಿಸುತ್ತಿದ್ದ.

"ಏನಂತಾನವ?" ಅಮರಪ್ಪ ಕೇಳಿದ.

"ಮಾತ ಬಿಡು, ಕೈ ನೋಡು."

ಬಂದೂಕಿನ ರಿಪೇರಿಯನ್ನು ಲೈಸೆನ್ಸ್ ಇರುವ ಮಿಸ್ತ್ರಿಯ ಹತ್ತಿರವೇ ಮಾಡಿಸಬೇಕು ಎಂಬುದು ಅಮರಪ್ಪನಿಗೆ ಗೊತ್ತಿತ್ತು. ಆದರೆ ಆ ದಿನ ಮೂರು ಅನುಕೂಲಗಳು ಒಟ್ಟಿಗೇ ಒದಗಿದ್ದವು. ತಾಯಿ ವಿರೂಪಾಕ್ಷಮ್ಮ ಹುಣ್ಣಿಮೆ ಎಂದು ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗಿದ್ದರು, ಹೆಂಡತಿ ಕುಕನೂರಿನ ತವರಿನಲ್ಲಿದ್ದಳು, ಕೊಟ್ರಪ್ಪನ ಹತ್ತಿರ ಡ್ರಿಲ್ ಇತ್ತು. ಕೊಟ್ರಪ್ಪನದು ಪಂಪ್‌ಸೆಟ್ ಮೋಟರು ಸುತ್ತುವ ಅಂಗಡಿ. ಹರಿದ ಅಂಗಿಯ ಸಿಟ್ಟನ್ನು ಅವನು ತಕ್ಷಣ ಮರೆತು, ಹಳೇ ಮೋಟರಿನಿಂದ ಹಿತ್ತಾಳೆಯ ತುಂಡೊಂದನ್ನು ಬಿಚ್ಚಿ ತಂದ. ಊರಿನಲ್ಲಿ ಯಾರದೇ ವಸ್ತು ಬಿಚ್ಚುವುದಿದ್ದರೆ ಅವನಿಗೆ ಜ್ವರವೂ ಬಿಡುತ್ತಿತ್ತು.

ಅಮರಪ್ಪ ಮೊದಲು ತೋಟಾಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬಂದೂಕು ಖಾಲಿ ಇದೆಯೆಂದು ಎರಡೆರಡು ಸಲ ನೋಡಿದ. ಆ ದಿನ ಅವನು ಮಾಡಿದ ಸರಿಯಾದ ಕೆಲಸ ಅದೊಂದೇ.

ಹಿತ್ತಾಳೆಯ ಪಟ್ಟಿಗೆ ಕಚ್ಚು ಹೊಡೆದದ್ದಾಯಿತು. ಪೈಪು ಸೋರಿದರೆ ಮೆತ್ತುವ ಸೀಲಿನಿಂದ ಅದನ್ನು ನಳಿಗೆಗೆ ಅಂಟಿಸಿದರು. ಒಣಗಲಿ ಎಂದು ಬಿಸಿಲಿಗಿಟ್ಟು ಮಂಡಕ್ಕಿ-ಮಿರ್ಚಿ ತಿನ್ನಲು ಕೂತರು. ತಿಂದು ಎದ್ದು ನೋಡಿದರೆ ಪಟ್ಟಿ ಜಾರಿ ಪಕ್ಕಕ್ಕೆ ಬಂದಿತ್ತು. ಬಂದೂಕು ಟೋಪಿ ವಾರೆ ಮಾಡಿಕೊಂಡ ಪುಢಾರಿಯ ಹಾಗೆ ಕಾಣುತ್ತಿತ್ತು.

"ಇದಕ್ಕ ಬಿಗಿ ಸಾಲದು," ಎಂದು ಕೊಟ್ರಪ್ಪ ಔಷಧ ಸಿಂಪಡಿಸುವ ಪಂಪಿನ ಕ್ಲಿಪ್ಪು ತಂದು, ನಳಿಗೆಯ ಸುತ್ತ ಸುತ್ತಿ ತಿರುಪಿದ. ಪಟ್ಟಿ ಗಟ್ಟಿಯಾಗಿ ಕೂತಿತು. ಅಮರಪ್ಪ ಭುಜಕ್ಕೇರಿಸಿ ನೋಡಿದ.

"ಏನ ಕಾಣ್ತೈತಿ?" ಪ್ರಭುರಾಜ ಕೇಳಿದ.

"ಕ್ಲಿಪ್ಪು."

"ಕ್ಲಿಪ್ಪಿನ ಆಚೆ?"

"ಕ್ಲಿಪ್ಪಿನ ತಿರುಪು."

ಆಗ ಕೊಟ್ರಪ್ಪ ಡ್ರಿಲ್ಲಿನ ವೈರು ಬಿಚ್ಚತೊಡಗಿದ. ಅಮರಪ್ಪ ನಳಿಗೆಯ ಮೇಲೆ ಅಂಗೈ ಮುಚ್ಚಿದ. "ಕಾಕಾ, ತೂತು ಬ್ಯಾಡ. ಅಪ್ಪನ ಬಂದೂಕದು."

"ಲೇ, ತೂತಲ್ಲೋ, ಗುಳಿ. ತಿರುಪಿನ ತುದಿ ಹಿಡಿಯುವಷ್ಟು. ಹುಡುಗ್ಯಾರಿಗೆ ಮೂಗು ಚುಚ್ಚತಾರಲ್ಲ, ಅಷ್ಟೂ ಇಲ್ಲ."

"ಮೂಗು ಚುಚ್ಚಿದ್ರ ತೂತ ಆಗ್ತೈತಿ ಕಾಕಾ."

"ನಿಮ್ಮಪ್ಪ ಇದ್ದಿದ್ರ ಇಷ್ಟ ಮಾತ ಆಡ್ತಿದ್ದನೇನು? ಹಿಡಿ ಗಟ್ಟಿ."

ಬೇಡ ಎಂದು ಎರಡನೇ ಸಲ ಹೇಳಬೇಕಿತ್ತು. ಅಮರಪ್ಪ ಮುಂದೆ ಎಷ್ಟೋ ದಿನ ಅದನ್ನೇ ನೆನೆದ. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಇದ್ದದ್ದು ಸಾಲಿನ ನಡುವೆ ನಿಂತು ತನ್ನನ್ನು ದಿಟ್ಟಿಸಿದ ಹಂದಿಯ ಮುಖ. ಅವನು ನಳಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಡ್ರಿಲ್ಲು ಗುಂಯ್‌ಗುಟ್ಟಿತು. ಕಬ್ಬಿಣದ ಸಣ್ಣ ಸುರುಳಿಗಳು ಎದ್ದವು. ಆಮೇಲೆ, ಬೆಣ್ಣೆಯೊಳಗೆ ಬೆರಳು ಇಳಿದ ಹಾಗೆ, ಡ್ರಿಲ್ಲು ಸರಕ್ಕನೆ ಒಳಗೆ ಹೋಯಿತು. ಕೊಟ್ರಪ್ಪ ಸ್ವಿಚ್ಚು ಆರಿಸಿದ. ಪ್ರಭುರಾಜ ಬಂದೂಕನ್ನು ಮಡಚಿ, ನಳಿಗೆಯೊಳಗೆ ಕಣ್ಣಿಟ್ಟು ನೋಡಿದ.

"ಅಣ್ಣಾ, ಬೆಳಕ ಬರಾಕತ್ತೈತಿ."

"ನಳಿಗಿ ಅಂದ ಮ್ಯಾಲ ಬೆಳಕ ಬರಬೇಕಲ್ಲೋ," ಎಂದ ಕೊಟ್ರಪ್ಪ.

"ಮುಂದಿಂದ ಬರಬೇಕು ಕಾಕಾ. ಇದು ಮ್ಯಾಲಿಂದ ಬರಾಕತ್ತೈತಿ."

ಅಮರಪ್ಪ ಇಸಿದುಕೊಂಡು ನೋಡಿದ. ಕನ್ನಡಿಯಂಥ ನಳಿಗೆಯೊಳಗೆ, ಹಂಚು ಸರಿದ ಮನೆಯಲ್ಲಿ ನೆಲಕ್ಕೆ ಬೀಳುವ ಬಿಸಿಲುಕೋಲಿನ ಹಾಗೆ, ಒಂದು ಚುಕ್ಕೆ ಬೆಳಕು ಬಿದ್ದಿತ್ತು. ಇನ್ನು ಇದರಲ್ಲಿ ತೋಟಾ ಹಾಕಿ ಹಾರಿಸಿದರೆ ಹಂದಿಗಿಂತ ಮೊದಲು ಹಾರಿಸಿದವನ ಮುಖಕ್ಕೇ ಏಟು. ಬಂದೂಕಿನ ಆಯುಸ್ಸು ಮುಗಿದಿತ್ತು.

"ಒಳಗ ಗಾಳಿ ಆಡ್ತೈತಿ ಬಿಡು," ಎಂದ ಕೊಟ್ರಪ್ಪ ಡ್ರಿಲ್ಲಿನ ವೈರು ಸುತ್ತುತ್ತ. "ತುಕ್ಕ ಹಿಡಿಯಂಗಿಲ್ಲ."

ಅಮರಪ್ಪನಿಗೆ, ಅಪ್ಪ ಸಂಜೆ ಬಾಗಿಲು ಮುಂದೆ ಮಾಡಿಕೊಂಡು, ಒಳಗೆ ಒಬ್ಬರೇ ಕೂತು ಎಣ್ಣೆಬಟ್ಟೆಯಿಂದ ಬಂದೂಕು ಒರೆಸುತ್ತಿದ್ದ ಸದ್ದು ನೆನಪಾಯಿತು. ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಠಾಣೆಯ ದಾಖಲೆ ಬರೆಯುವ ರೈಟರ್ ಹೇಮಾವತಿ ಮಾತಾಡುತ್ತಿದ್ದರು.

"ಅಮರಪ್ಪ ಅವರಾ? ಚುನಾವಣೆ ಘೋಷಣೆ ಆಗೇತಿ, ಗೊತ್ತಲ್ಲ? ಬಂದೂಕ ನಾಡಿದ್ದು ತರ್ರಿ ಅಂದಿದ್ವಿ. ನಾಳೆ ಸಾಹೇಬ್ರು ತಪಾಸಣಿಗೆ ಬರ್ತಾರ. ಇವತ್ತ ಸಂಜಿಯೊಳಗ ತಂದು ಒಪ್ಪಿಸಿಬಿಡ್ರಿ."

"ಇವತ್ತಾ ಮೇಡಂ? ಬಂದೂಕಿಗೆ ಆರಾಮಿಲ್ರಿ," ಎಂದುಬಿಟ್ಟ ಅಮರಪ್ಪ.

"ಏನಂದ್ರಿ?"

"ನನಗ್ರಿ. ನನಗ ಆರಾಮಿಲ್ಲ."

"ಮೊದಲ ಬಂದೂಕ ತಂದಿಟ್ಟು ದವಾಖಾನಿಗೆ ಹೋಗ್ರಿ," ಎಂದು ಅವರು ಫೋನಿಟ್ಟರು.

ಠಾಣೆಯಲ್ಲಿ ತೂತು ಕಂಡರೆ ಲೈಸೆನ್ಸು ಹೋಗುತ್ತದೆ, ಕೇಸೂ ಆಗಬಹುದು. ಆದರೆ ಅಮರಪ್ಪನನ್ನು ಅದಕ್ಕಿಂತ ಹೆಚ್ಚು ಹೆದರಿಸಿದ್ದು ತಾಯಿಯ ಮುಖ. ಅಪ್ಪನದೆಂದು ಆಕೆ ಮನೆಯಲ್ಲಿ ಉಳಿಸಿಕೊಂಡಿದ್ದ ಒಂದೇ ವಸ್ತು ಅದು. ಅಪ್ಪನ ಹಾಸಿಗೆ, ರುಮಾಲು, ಚಪ್ಪಲಿಗಳನ್ನು ಕೇಳಿದವರಿಗೆ ಕೊಟ್ಟುಬಿಟ್ಟಿದ್ದರು.

ಮೂವರೂ ಗಡಿಬಿಡಿಯಿಂದ ಕೆಲಸಕ್ಕಿಳಿದರು. ತೂತಿಗೆ ತಿರುಪು ತುರುಕಿ, ಅದರ ಮೇಲೆ ಪಟ್ಟಿ ಕೂರಿಸಿ, ಸುತ್ತ ಸೀಲು ಮೆತ್ತಿದರು. ಸೀಲು ಬೆಳ್ಳಗೆ ಕಂಡಿತು. ಪ್ರಭುರಾಜ ಒಲೆಯ ಮಸಿಗೆ ಕೊಬ್ಬರಿ ಎಣ್ಣೆ ಕಲಸಿ ತಂದು ಬಳಿದ. ಈಗ ಬಂದೂಕಿನ ಮೇಲೊಂದು ಕಪ್ಪು ಗಡ್ಡೆ ಎದ್ದಿತ್ತು, ಇರುವೆ ಕಚ್ಚಿ ಬಾತ ಹುಬ್ಬಿನ ಹಾಗೆ.

"ದೂರದಿಂದ ನೋಡಿದ್ರ ಗೊತ್ತಾಗಂಗಿಲ್ಲ," ಎಂದ ಪ್ರಭುರಾಜ.

"ಎಷ್ಟ ದೂರದಿಂದ?"

"ಕುಷ್ಟಗಿಯಿಂದ," ಎಂದ ಕೊಟ್ರಪ್ಪ.

ಬಂದೂಕನ್ನು ಗವಸಣಿಗೆಗೆ ಸೇರಿಸುವಷ್ಟರಲ್ಲಿ ಟಂಟಂ ರಿಕ್ಷಾ ಬಂದು ಬಾಗಿಲಿಗೆ ನಿಂತಿತು. ವಿರೂಪಾಕ್ಷಮ್ಮ ಇಳಿದರು. ಬಂದೂಕು ಠಾಣೆಗೆ ಹೊರಟಿದೆ ಎಂದು ತಿಳಿದ ಕೂಡಲೇ ಸೆರಗಿನ ಗಂಟು ಬಿಚ್ಚಿ ಹುಲಿಗೆಮ್ಮನ ಕುಂಕುಮ ತೆಗೆದರು.

"ತೆಗಿ ಹೊರಗ. ಹಂಗ ಬರಿಗೈಲೆ ಕಳಸಬಾರದು. ನಿಮ್ಮಪ್ಪ ಹೋದ ಸಲ ಕೊಂಡೊಯ್ದಾಗ ನಾ ಕುಂಕುಮ ಹಚ್ಚಿದ್ದಿಲ್ಲ."

ಅಮರಪ್ಪ ಗವಸಣಿಗೆ ಸರಿಸಿದ. ತಾಯಿಯ ಕೈ ಹಿಡಿಯಿಂದ ನಳಿಗೆಗೆ ಬಂತು, ಅಲ್ಲಿಂದ ಮೆಲ್ಲಗೆ ಗಡ್ಡೆಗೆ ಬಂದು ನಿಂತಿತು.

"ಇದೇನೋ ಗಂಟು?"

"ಹಿಂಗ ಇರ್ತೈತ್ರಿ ಅತ್ತಿ," ಪ್ರಭುರಾಜ ನಡುವೆ ಬಾಯಿ ಹಾಕಿದ. "ಈಗಿನವಕ್ಕೆಲ್ಲ ಇರ್ತೈತಿ."

"ಇದು ಈಗಿಂದಲ್ಲಪಾ, ಇವರಪ್ಪಂದು." ಆಕೆಗೆ ಕಣ್ಣು ಮಂಜು. ಗಡ್ಡೆ ಬಂದೂಕಿನದೇ ಒಂದು ಅಂಗವೆಂದು ತಿಳಿದು, ಅದರ ನೆತ್ತಿಗೇ ಕುಂಕುಮವಿಟ್ಟು ಕೈ ಮುಗಿದರು. ಆಮೇಲೆ ಮಗನ ಕಡೆ ತಿರುಗಿ, "ಎಣ್ಣಿ ಹಚ್ಚೀದಿ. ಛಲೋ ನೋಡ್ಕೊಂಡೀದಿ ಮಗನ. ನೀ ಕೆಡಸ್ತಿ ಅಂತ ಅವರು ಅಂಜತಿದ್ರು," ಎಂದರು.

ಬೈದಿದ್ದರೆ ಅಮರಪ್ಪ ತಡೆದುಕೊಳ್ಳುತ್ತಿದ್ದ. ಅವನು ತಲೆ ತಗ್ಗಿಸಿ ಬೈಕ್ ಹತ್ತಿದ. ದಾರಿಯುದ್ದಕ್ಕೂ ಬಂದೂಕು ಬೆನ್ನಿಗೆ ಒತ್ತುತ್ತಿತ್ತು, ಅಪ್ಪನೇ ಹಿಂದೆ ಕೂತು ಬೆರಳಿನಿಂದ ತಿವಿಯುತ್ತಿರುವ ಹಾಗೆ.

ಠಾಣೆಯ ಜಗುಲಿಯಲ್ಲಿ ಬೆಂಚಿನ ಮೇಲೆ ಒಬ್ಬನೇ ಇದ್ದ. ಪಕ್ಕದೂರಿನ ಶಬ್ಬೀರಸಾಬ. ಅವನ ಅಜ್ಜನದೂ ಬಂದೂಕು ಇತ್ತು. ಅಜ್ಜ ತೀರಿಕೊಂಡ ಮೇಲೆ ಅವನೂ ಅಮರಪ್ಪನ ಹಾಗೆಯೇ ವರ್ಷದ ಮೇಲೆ ಅಲೆದು ಲೈಸೆನ್ಸು ಮಾಡಿಸಿಕೊಂಡಿದ್ದ. ಇಬ್ಬರಿಗೂ ಕಚೇರಿಗಳ ಬಾಗಿಲಲ್ಲಿ ಆದ ಪರಿಚಯ. ಅವನು ಬಂದೂಕನ್ನು ಜಡ್ಡಾದ ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ.

"ಒಳಗ ಹೋಗ್ರಿ ಅಮರಪ್ಪಣ್ಣ. ನಿಮ್ಮದು ಮೊದಲ ಆಗಲಿ," ಎಂದ.

"ನೀವ ಮೊದಲ ಬಂದೀರಿ. ನೀವು ಹೋಗ್ರಿ."

"ನನಗೇನ ಅವಸರ ಇಲ್ರಿ."

"ನನಗೂ ಇಲ್ರಿ."

ಇಬ್ಬರೂ ಇಷ್ಟು ಮರ್ಯಾದೆಯಿಂದ ಕೂತಿದ್ದಾಗ ಹೇಮಾವತಿಯವರೇ ಹೊರಗೆ ಬಂದು ಅಮರಪ್ಪನ ಕೈಯಿಂದ ಬಂದೂಕು ಇಸಿದುಕೊಂಡರು. ಗವಸಣಿಗೆ ಸರಿಸಿ, "ಪೂಜಿ ಮಾಡಿಸ್ಕೊಂಡ ಬಂದೈತಿ," ಎಂದು ನಕ್ಕರು. ಬಂದೂಕಿನ ಮೇಲೆ ಕೊರೆದ ನಂಬರು ಓದಿದರು. ಅಮರಪ್ಪನ ಲೈಸೆನ್ಸು ನೋಡಿದರು. ನಗು ನಿಂತಿತು. ನಂಬರನ್ನು ಬೆರಳಿನಿಂದ ಒರೆಸಿ ಮತ್ತೊಮ್ಮೆ ಓದಿದರು.

"ಅಮರಪ್ಪ, ಇದು ನಿಮ್ಮ ಬಂದೂಕ ಅಲ್ಲ."

ಅಮರಪ್ಪನಿಗೆ ಎಲ್ಲ ಗೊತ್ತಾಗಿಹೋಯಿತು ಅನ್ನಿಸಿತು. "ಹಂಗನಬ್ಯಾಡ್ರಿ ಮೇಡಂ. ಒಂದ ತೂತು ಬಿದ್ದೈತಿ ಅಂತ ನಮ್ಮದಲ್ಲ ಅಂದ್ರ ಹೆಂಗ್ರಿ?"

"ಏನ ತೂತು?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ಹಂದಿಯಿಂದ ಹಿಡಿದು ಒಲೆಯ ಮಸಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೇಮಾವತಿಯವರು ಪಟ್ಟಿಯನ್ನು ಉಗುರಿನಿಂದ ಮುಟ್ಟಿದರು. ಅದು ಕುಂಕುಮ ಸಮೇತ ಕಳಚಿ ನೆಲಕ್ಕೆ ಬಿತ್ತು. ಅವರು ಬೈಯಲಿಲ್ಲ. ಒಳಗಿನವರಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿ, "ನಿಮ್ಮಿಬ್ಬರ ಬಂದೂಕೂ ಒಂದ ವರ್ಷದ ಮ್ಯಾಲ ಇಲ್ಲೇ ಇದ್ವು," ಎಂದರು. "ನಡುವ ಆಯುಧ ಪೂಜಿ ಬಂತು. ಠಾಣೆಯೊಳಗಿನ ಬಂದೂಕೆಲ್ಲ ಹೊರಗ ತೆಗೆದು, ಸಾಲಾಗಿ ಇಟ್ಟು, ಹೂವು-ಕುಂಕುಮ ಏರಿಸಿದ್ವಿ. ಹೆಸರಿನ ಚೀಟಿ ಗವಸಣಿಗೆ ಕಟ್ಟಿತ್ತು, ಬಂದೂಕಿಗಲ್ಲ. ಪೂಜಿ ಆದ ಮ್ಯಾಲ ಮತ್ತ ಗವಸಣಿ ಹಾಕಿದಾಕಿ ನಾನ. ಬಿಟ್ಟುಕೊಡುವಾಗ ಚೀಟಿ ನೋಡಿ ಕೊಟ್ಟಾಕಿನೂ ನಾನ." ಅವರು ಬೆಂಚಿನ ಕಡೆ ತಿರುಗಿದರು. "ಈ ನಂಬರು ನಿಮ್ಮದು ಶಬ್ಬೀರಸಾಬ. ಅಮರಪ್ಪನ ಅಪ್ಪಂದು ನಿಮ್ಮ ತೊಡಿ ಮ್ಯಾಲ ಐತಿ."

ಅಮರಪ್ಪನಿಗೆ ಮೊದಲು ಆದದ್ದು ಸಂತೋಷ. ಅದನ್ನು ಅವನು ಆಮೇಲೆ ನೆನೆದು ನಾಚಿಕೊಂಡ. ಅಪ್ಪನ ಬಂದೂಕಿಗೆ ಏನೂ ಆಗಿಲ್ಲ. ತಾನು ಇಷ್ಟು ದಿನ ಗುರಿ ತಪ್ಪಿದ್ದು ಅಪ್ಪನ ಬಂದೂಕಿನಿಂದಲ್ಲ. ಮರುಗಳಿಗೆಗೆ ಶಬ್ಬೀರಸಾಬನ ಮುಖ ಕಂಡಿತು, ಸಂತೋಷ ಇಳಿದುಹೋಯಿತು.

"ಶಬ್ಬೀರಣ್ಣ, ನಿಮ್ಮ ಅಜ್ಜಾರ ಬಂದೂಕ ನಾ ಕೆಡಿಸಿಬಿಟ್ಟೆ. ತಪ್ಪಾತ್ರಿ. ನಮ್ಮಪ್ಪಂದು ಬೇಕಾದ್ರ ನೀವ ಇಟ್ಕೊಳ್ರಿ."

ಶಬ್ಬೀರಸಾಬ ತೊಡೆಯ ಮೇಲಿನ ಬಂದೂಕಿನ ಗವಸಣಿಗೆಯನ್ನು ಮೆಲ್ಲಗೆ ಬಿಚ್ಚಿದ. ನಳಿಗೆಯ ಹಿಂಭಾಗದಲ್ಲಿ ಉಳಿಯ ಏಟಿಗೆ ತಗ್ಗು ಬಿದ್ದಿತ್ತು. ನಡುವೆ ಬೆಸುಗೆ ಕಿತ್ತು, ಕೂದಲೆಳೆಯಂಥ ಬಿರುಕು ಉದ್ದಕ್ಕೆ ಓಡಿತ್ತು.

"ನಮ್ಮ ಅಜ್ಜಾರ ಬಂದೂಕಿಗೆ ಮುಂದ ಒಂದ ಮಣಿ ಇತ್ರಿ, ಅಷ್ಟ," ಎಂದ ಅವನು. "ಮನಿಗೆ ಒಯ್ದು ನೋಡಿದ್ರ ಹಿಂದ ಒಂದ ಪಟ್ಟಿ. ಠಾಣೆಯೊಳಗ ಯಾರೋ ಹಚ್ಯಾರ ಅಂದ್ಕೊಂಡೆ. ಪೊಲೀಸರನ್ನ ಕೇಳಾಕ ಅಂಜಿಕಿ. ಗುರಿ ಇಟ್ಟಾಗೆಲ್ಲ ಅಡ್ಡ ಬರ್ತಿತ್ತು, ನಾ ಅದರ ಮ್ಯಾಲಿಂದ ನೋಡಿ ಹೊಡೀತಿದ್ದೆ, ಒಂದೂ ತಗಲ್ತಿದ್ದಿಲ್ಲ. ಇವತ್ತ ಮಧ್ಯಾಹ್ನ ಸಿಟ್ಟಿಗೆ ಉಳಿ ಹಚ್ಚಿ ಕಿತ್ತೆ. ನಳಿಗಿ ಸೀಳ್ತು. ಅಜ್ಜಾರ ಹೆಸರ ಕೆಡಿಸಿದೆ ಅಂತ ಮಧ್ಯಾಹ್ನದಿಂದ ಊಟ ಮಾಡಿಲ್ರಿ ನಾ."

"ನಾನೂ ಮಿರ್ಚಿ ಮ್ಯಾಲ ಅದೀನಿ," ಎಂದ ಅಮರಪ್ಪ.

ಹೇಮಾವತಿಯವರು ಎರಡೂ ಬಂದೂಕುಗಳನ್ನು ಎತ್ತಿಕೊಂಡರು. ಎರಡೂ ಜಿಲ್ಲೆಯ ಆಯುಧ ಪರೀಕ್ಷೆಗೆ ಹೋಗಬೇಕು, ಹಾರಿಸಲು ಬಾರದವು ಎಂದು ಬರೆಸಿಕೊಂಡು ಬರಬೇಕು, ಮೂವರಿಗೂ ನೋಟೀಸು ಬರುತ್ತದೆ ಎಂದರು. ಮೂರನೆಯವರು ಯಾರೆಂದು ಇಬ್ಬರೂ ಕೇಳಲಿಲ್ಲ. ಅವರು ಒಳಗೆ ಹೋಗುವಾಗ ಎರಡು ಗವಸಣಿಗೆಗಳನ್ನೂ ಬೆಂಚಿನ ಮೇಲೆಯೇ ಬಿಟ್ಟು, ಚೀಟಿಗಳನ್ನು ಬಂದೂಕಿನ ಕೊರಳಿಗೇ ಬಿಗಿಯಾಗಿ ಕಟ್ಟಿಕೊಂಡು ಹೋದರು.

ಶಬ್ಬೀರಸಾಬ ಜೇಬಿಗೆ ಕೈ ಹಾಕಿ ಏನನ್ನೋ ತೆಗೆದು ಅಮರಪ್ಪನ ಅಂಗೈಯಲ್ಲಿಟ್ಟ. ಕಿತ್ತ ಗುರಿಪಟ್ಟಿ. ಬೆರಳಿನ ಉಗುರಿನಷ್ಟಗಲ, ಅರದಿಂದ ಉಜ್ಜಿ ಉಜ್ಜಿ ನಯ ಮಾಡಿದ್ದು. ಬಾಗಿಲು ಮುಂದೆ ಮಾಡಿಕೊಂಡು ಅಪ್ಪ ಒಳಗೆ ಕೂತು ಮಾಡುತ್ತಿದ್ದದ್ದು ಬರೀ ಎಣ್ಣೆ ಹಚ್ಚುವ ಕೆಲಸವಲ್ಲ ಎಂದು ಅಮರಪ್ಪನಿಗೆ ಆಗ ಹೊಳೆಯಿತು. ಅವರೂ ಮಿಸ್ತ್ರಿಯ ಹತ್ತಿರ ಹೋಗಿರಲಿಲ್ಲ. ಹೇಳಿದ್ದರೆ, ಕೇಳಿದ್ದರೆ, ಇಬ್ಬರೂ ಒಟ್ಟಿಗೆ ಕೂತು ಮಾಡಬಹುದಿತ್ತು.

ಅವನು ಒಂದು ಕಣ್ಣು ಮುಚ್ಚಿ, ಪಟ್ಟಿಯನ್ನು ಇನ್ನೊಂದು ಕಣ್ಣಿನ ಮುಂದೆ ಹಿಡಿದ. ಕಚ್ಚಿನ ನಟ್ಟನಡುವೆ ಠಾಣೆಯ ಕೋಣೆ ಕಂಡಿತು, ಕೋಣೆಯ ಬಾಗಿಲಿಗೆ ಬೀಗ ಹಾಕುತ್ತಿದ್ದ ಹೇಮಾವತಿಯವರ ಕೈ ಕಂಡಿತು.

"ಕಾಣ್ತೈತೇನ್ರಿ?" ಶಬ್ಬೀರಸಾಬ ಕೇಳಿದ.

"ಭಾಳ ಛಲೋ ಕಾಣ್ತೈತ್ರಿ," ಎಂದ ಅಮರಪ್ಪ. "ಬಂದೂಕ ಒಂದಿಲ್ಲ."